ಹಳೆಯ ವೇಷದ ಹೊಸ ಬೈಕು: ಕೊಂಡ ಮೇಲೆ ಏನನ್ನು ಬದಲಿಸಬೇಕು, ಯಾವ ಕ್ರಮದಲ್ಲಿ

ದುಂಡನೆಯ ಹೆಡ್‌ಲೈಟ್, ಹನಿಯಾಕಾರದ ಪೆಟ್ರೋಲ್ ಟ್ಯಾಂಕ್, ಚಪ್ಪಟೆ ಸೀಟು, ಮುಳ್ಳು ಓಡುವ ಎರಡು ಮೀಟರ್. ಕವಾಸಾಕಿ ಝಡ್900ಆರ್‌ಎಸ್ ಬೈಕನ್ನು 1972ರ ಝಡ್1 ಪಕ್ಕದಲ್ಲಿ ನಿಲ್ಲಿಸಿದರೆ ಇವೆರಡೂ ಒಂದೇ ಮನೆತನದವು ಎಂದು ಯಾರಾದರೂ ಹೇಳಿಬಿಡುತ್ತಾರೆ. ಹೊದಿಕೆಯ ಒಳಗೆ ಇಣುಕಿದರೆ ಮಾತ್ರ ನಂಟು ಉಳಿಯುವುದಿಲ್ಲ. ಹಳೆಯದರಲ್ಲಿ ಗಾಳಿಯಿಂದ ತಣಿಯುವ 903 ಸಿ.ಸಿ. ಎಂಜಿನ್, ಗಾಳಿ ಮತ್ತು ಪೆಟ್ರೋಲ್ ಬೆರೆಸುವ ನಾಲ್ಕು ಕಾರ್ಬ್ಯುರೇಟರ್, 82 ಅಶ್ವಶಕ್ತಿ. ಹೊಸದರಲ್ಲಿ ನೀರಿನಿಂದ ತಣಿಯುವ 948 ಸಿ.ಸಿ. ಎಂಜಿನ್, ಕಂಪ್ಯೂಟರ್ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್, ಹಿಂದಿನ ಚಕ್ರ ಜಾರದಂತೆ ಶಕ್ತಿ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್, ಸುಮಾರು 110 ಅಶ್ವಶಕ್ತಿ.

ಇಂಥ ಹಳೆಯ ನೋಟದ ರೆಟ್ರೊ ಬೈಕು ಕೊಂಡವರು ಎಡವುವುದು ಇಲ್ಲಿಯೇ. ನೋಟ ಹಳೆಯದಾದ್ದರಿಂದ ತಿದ್ದುವ ವಿದ್ಯೆಯೂ ಹಳೆಯದೇ ಸಾಕು ಎಂದುಕೊಳ್ಳುತ್ತಾರೆ. 1950–60ರ ದಶಕಗಳಲ್ಲಿ ಬ್ರಿಟನ್ನಿನ ಹುಡುಗರು ನಾರ್ಟನ್ ಚಾಸಿಸ್ಸಿಗೆ ಟ್ರಯಂಫ್ ಎಂಜಿನ್ ಕೂರಿಸಿ 'ಟ್ರೈಟನ್' ಕಟ್ಟಿದರು, ಬೇಡವೆನಿಸಿದ್ದನ್ನೆಲ್ಲ ಗರಗಸದಿಂದ ಕೊಯ್ದರು. ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ತಿರುಪು) ಬದಲಿಸಿದರೆ ಎಂಜಿನ್ ಹೊಂದಿಕೊಳ್ಳುತ್ತಿತ್ತು. ಇಂದಿನ ಬೈಕಿನಲ್ಲಿ ಸೈಲೆನ್ಸರ್, ಚಕ್ರ, ಇಂಡಿಕೇಟರ್ ಎಲ್ಲವೂ ಒಂದಲ್ಲ ಒಂದು ತಂತಿಯ ಮೂಲಕ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತಿರುತ್ತವೆ. ಆದ್ದರಿಂದ ಪ್ರತಿಯೊಂದು ಭಾಗಕ್ಕೆ ಕೈಹಾಕುವ ಮೊದಲೂ ಕೇಳಿಕೊಳ್ಳಬೇಕಾದದ್ದು ಒಂದೇ: ಇದನ್ನು ಬದಲಿಸಿದರೆ ಇನ್ನಾವುದು ತಪ್ಪುತ್ತದೆ? ಮುಂದಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಆಯ್ಕೆ: ಎಂಜಿನ್ ಸ್ವಭಾವ ನೋಡಿ, ಬಣ್ಣವನ್ನಲ್ಲ

ಅಶ್ವಶಕ್ತಿಯ ಅಂಕಿ ಹೆಚ್ಚೇನೂ ಹೇಳುವುದಿಲ್ಲ. ಆ ಶಕ್ತಿ ಎಷ್ಟು ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಸಿಗುತ್ತದೆ ಎಂಬುದನ್ನು ನೋಡಬೇಕು. ಎರಡು ಸಿಲಿಂಡರಿನ 2016ರ ಟ್ರಯಂಫ್ ಥ್ರಕ್ಸ್‌ಟನ್ ಆರ್ ತನ್ನ ಗರಿಷ್ಠ 112 ನ್ಯೂಟನ್ ಮೀಟರ್ ಟಾರ್ಕನ್ನು (ತಿರುಗಿಸುವ ಬಲವನ್ನು) 5,000 ಆರ್‌ಪಿಎಂ ಮುಟ್ಟುವ ಮೊದಲೇ ಕೊಟ್ಟುಬಿಡುತ್ತದೆ. ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿದ್ದರೂ ಮಣಿಕಟ್ಟು ತಿರುಗಿಸಿದರೆ ಎಳೆಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನುಣುಪು, ಆದರೆ ಅದರ ನಿಜವಾದ ರಭಸ ಆರ್‌ಪಿಎಂ ಏರಿದ ಮೇಲೆ. ಯಮಹಾ ಎಕ್ಸ್‌ಎಸ್‌ಆರ್900ರ ಮೂರು ಸಿಲಿಂಡರ್ ಇವೆರಡರ ನಡುವೆ ನಿಲ್ಲುತ್ತದೆ.

ಬದಲಾವಣೆಯೇ ನಿಮ್ಮ ಮುಖ್ಯ ಆಸೆಯಾಗಿದ್ದರೆ ಬಿಎಂಡಬ್ಲ್ಯು ಆರ್ ನೈನ್‌ಟಿಯನ್ನು ಒಮ್ಮೆ ನೋಡಿ. ಕಂಪನಿಯ ಮೋಟಾರ್‌ಸೈಕಲ್ ತಯಾರಿಕೆಗೆ 90 ವರ್ಷ ತುಂಬಿದ 2013ರಲ್ಲಿ ಬಂದ ಈ ಬೈಕನ್ನು ಬಿಚ್ಚಿ ಜೋಡಿಸಲೆಂದೇ ರೂಪಿಸಲಾಗಿತ್ತು. ಸೀಟಿನ ಕೆಳಗಿನ ಹಿಂಭಾಗದ ಚೌಕಟ್ಟು ಬೋಲ್ಟುಗಳಲ್ಲಿ ಕಳಚಿಕೊಳ್ಳುತ್ತದೆ, ಎಂಜಿನ್ ವೈರಿಂಗ್ ಮತ್ತು ಉಳಿದ ವೈರಿಂಗ್ ಬೇರೆಬೇರೆ. ಆದರೆ ಅದರಲ್ಲಿ ಹಿಂದಿನ ಚಕ್ರ ತಿರುಗಿಸುವುದು ಚೈನಲ್ಲ, ಒಂದು ದಂಡ: ಶಾಫ್ಟ್ ಡ್ರೈವ್. ಸ್ಪ್ರಾಕೆಟ್ (ಚೈನು ಓಡುವ ಹಲ್ಲುಚಕ್ರ) ಬದಲಿಸಿ ಎಳೆತ ಹೆಚ್ಚಿಸುವ ಸುಲಭದ ದಾರಿ ಅಲ್ಲಿಲ್ಲ.

ಯಾರೋ ಮೊದಲೇ ತಿದ್ದಿದ ಬೈಕನ್ನು ಕೊಳ್ಳುವುದಾದರೆ ಸೀಟು ಎತ್ತಿ ವೈರುಗಳನ್ನು ನೋಡಿ. ಟೇಪು ಸುತ್ತಿದ ಗಂಟುಗಳು ಕಂಡರೆ ಕಾಣದ ಕಡೆಯೂ ಅಂಥವೇ ಇರುತ್ತವೆ. ಕಂಪನಿಯ ಮೂಲ ಸೈಲೆನ್ಸರ್, ಹ್ಯಾಂಡಲ್, ಮಡ್‌ಗಾರ್ಡ್‌ಗಳನ್ನು ಕೇಳಿ. ಅವು ಸಿಗದಿದ್ದರೆ ಬೆಲೆ ಇಳಿಸಿಯೇ ಮಾತಾಡಿ.

ಮೊದಲ ಸಾವಿರ ಕಿಲೋಮೀಟರ್: ಏನನ್ನೂ ಬದಲಿಸಬೇಡಿ

ಹೊಸ ಬೈಕಾದರೆ ಈ ಅವಧಿ ಹೇಗೂ ಎಂಜಿನ್ ಪಳಗುವ ಕಾಲ. ಕೈಪಿಡಿಯಲ್ಲಿ ಕೊಟ್ಟ ಆರ್‌ಪಿಎಂ ಮಿತಿಯೊಳಗೆ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸದೆ, ಏರಿಳಿತ ಕೊಡುತ್ತ ಓಡಿಸಿ. ಮೊದಲ ಸರ್ವಿಸನ್ನು ಮುಂದೂಡಬೇಡಿ. ಹೊಸ ಭಾಗಗಳು ಉಜ್ಜಿಕೊಂಡು ಉದುರಿದ ಲೋಹದ ಪುಡಿ ಆ ಎಣ್ಣೆಯಲ್ಲಿ ಸೇರಿರುತ್ತದೆ. ಹೊಸ ಟೈರಿನ ಮೇಲ್ಮೈಯೂ ಮೊದಮೊದಲು ಜಾರುತ್ತದೆ. ನೂರು ಕಿಲೋಮೀಟರ್ ದಾಟುವವರೆಗೆ ತಿರುವಿನಲ್ಲಿ ಹೆಚ್ಚು ವಾಲಬೇಡಿ.

ಈ ಅವಧಿಗೆ ಇನ್ನೊಂದು ಉಪಯೋಗವಿದೆ. ಒಂದು ಸಣ್ಣ ಪುಸ್ತಕ ಇಟ್ಟುಕೊಂಡು ಬೈಕಿನ ಬಗ್ಗೆ ಅನಿಸಿದ ಕಿರಿಕಿರಿಗಳನ್ನೆಲ್ಲ ಬರೆದಿಡಿ. ಮಣಿಕಟ್ಟು ನೋಯುತ್ತದೆಯೇ? ಉಬ್ಬಿನ ಮೇಲೆ ಬೆನ್ನಿಗೆ ಹೊಡೆಯುತ್ತದೆಯೇ? ಬ್ರೇಕ್ ಹಿಡಿದರೆ ಮುಂಭಾಗ ತಟಕ್ಕನೆ ಕುಸಿಯುತ್ತದೆಯೇ? ಆಕ್ಸಿಲರೇಟರ್ ತೆರೆದ ಕೂಡಲೇ ಜಗ್ಗುತ್ತದೆಯೇ? ಬದಲಾವಣೆಯ ಪಟ್ಟಿ ಈ ಪುಸ್ತಕದಿಂದ ಬರಬೇಕು, ಬಿಡಿಭಾಗ ಮಾರುವವರ ಚಿತ್ರಗಳಿಂದಲ್ಲ. ಸಾವಿರ ಕಿಲೋಮೀಟರ್ ಕಳೆಯುವಷ್ಟರಲ್ಲಿ ಅರ್ಧ ಕಿರಿಕಿರಿಗಳು ತಾವಾಗಿಯೇ ಮಾಯವಾಗುವುದನ್ನೂ ಕಾಣುವಿರಿ. ಅವು ಬೈಕಿನ ದೋಷಗಳಲ್ಲ, ಅಭ್ಯಾಸವಿಲ್ಲದ ಕೈಯವು.

ಸಲಕರಣೆ

ಬೋಲ್ಟನ್ನು ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆ ಎಂದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಕೆಲಸಕ್ಕೆ ಇಳಿಯಬೇಡಿ. ಬ್ರೇಕ್ ಕ್ಯಾಲಿಪರ್, ಚಕ್ರದ ಆಕ್ಸಲ್, ಹ್ಯಾಂಡಲ್ ಹಿಡಿಕೆಯ ಬೋಲ್ಟುಗಳಿಗೆ ಎಷ್ಟು ನ್ಯೂಟನ್ ಮೀಟರ್ ಬಿಗಿಯಬೇಕೆಂಬುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಅಲ್ಯುಮಿನಿಯಂನಲ್ಲಿ ಕೊರೆದ ತಿರುಪಿನ ಸುತ್ತು ಸವೆದುಹೋದರೆ ಒಂದು ಬೋಲ್ಟಿನ ಆಲಸ್ಯಕ್ಕೆ ಇಡೀ ಭಾಗವನ್ನೇ ಬದಲಿಸಬೇಕಾಗುತ್ತದೆ. ಹಿಂದಿನ ಚಕ್ರ ಎತ್ತಿ ನಿಲ್ಲಿಸುವ ಸ್ಟ್ಯಾಂಡ್, ನೀಲಿ ಬಣ್ಣದ ಮಧ್ಯಮ ಹಿಡಿತದ ಥ್ರೆಡ್ ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು), ಬಿಚ್ಚಿದ ತಿರುಪುಗಳನ್ನು ಗುರುತು ಬರೆದು ಹಾಕಲು ಡಬ್ಬಿಗಳು ಇರಲಿ.

ಜಪಾನಿ ಬೈಕುಗಳ ಅಡ್ಡಗೀರಿನ ತಿರುಪುಗಳ ಬಗ್ಗೆ ಒಂದು ಮಾತು. ಅವು ನೋಡಲು ಫಿಲಿಪ್ಸ್ ಹಾಗಿದ್ದರೂ ಬಹುಪಾಲು ಜಪಾನಿನ ಜೆಐಎಸ್ ಮಾದರಿಯವು. ಫಿಲಿಪ್ಸ್ ಸ್ಕ್ರೂಡ್ರೈವರ್ ಅವುಗಳಲ್ಲಿ ಪೂರ್ತಿ ಕೂರುವುದಿಲ್ಲ, ಜಾರಿ ತಲೆಯನ್ನು ಸವೆಸಿಬಿಡುತ್ತದೆ. ಜೆಐಎಸ್ ಸ್ಕ್ರೂಡ್ರೈವರ್ ಒಂದನ್ನು ಕೊಂಡರೆ ಎಷ್ಟೋ ಬೈಗುಳ ಉಳಿಯುತ್ತದೆ.

ಕೂರುವ ಭಂಗಿ

ಮೊದಲು ಬಿಟ್ಟಿ ಕೆಲಸ. ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳನ್ನು ಸವಾರಿಯ ಭಂಗಿಯಲ್ಲಿ ನಿಮ್ಮ ಮುಂಗೈಯ ನೇರಕ್ಕೆ ಬರುವಂತೆ ತಿರುಗಿಸಿ. ಗೇರ್ ಪೆಡಲಿನ ಎತ್ತರವನ್ನು ನಿಮ್ಮ ಬೂಟಿಗೆ ಹೊಂದಿಸಿ. ಮಣಿಕಟ್ಟಿನ ನೋವು ಇಷ್ಟಕ್ಕೇ ಹೋಗುವುದುಂಟು.

ಹ್ಯಾಂಡಲನ್ನೇ ಬದಲಿಸುವುದಾದರೆ ನಮ್ಮ ಪ್ರಶ್ನೆ ಮತ್ತೆ ಬರುತ್ತದೆ. ಎತ್ತರದ ಹ್ಯಾಂಡಲಿಗೆ ಬ್ರೇಕ್ ಹೋಸು, ಕ್ಲಚ್ ಕೇಬಲ್, ವೈರುಗಳು ಸಾಲದೆ ಹೋಗುತ್ತವೆ. ತಗ್ಗಿನ ಕ್ಲಿಪ್-ಆನ್ ಹ್ಯಾಂಡಲಿಗೆ ಅವು ಹೆಚ್ಚಾಗಿ ಮಡಚಿಕೊಳ್ಳುತ್ತವೆ, ಕೈ ಟ್ಯಾಂಕಿಗೆ ತಗಲುತ್ತದೆ. ಹೊಸ ಹ್ಯಾಂಡಲ್ ಕೂರಿಸಿದ ಮೇಲೆ ಎಡಬಲಕ್ಕೆ ಕೊನೆಯವರೆಗೆ ತಿರುಗಿಸಿ ಯಾವ ಹೋಸೂ ಬಿಗಿಯುವುದಿಲ್ಲ ಎಂದು ನೋಡಿ. ನಂತರ ಎಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನಲ್ಲಿ ಹಾಗೆಯೇ ತಿರುಗಿಸಿ. ತಿರುಗಿಸಿದಾಗ ಆರ್‌ಪಿಎಂ ತಾನೇ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ ಎಂದರ್ಥ. ಆ ಬೈಕು ರಸ್ತೆಗೆ ಇಳಿಯಬಾರದು.

ಮುಂದಕ್ಕೆ ಬಾಗಿ ಕೂರುವ ಕೆಫೆ ರೇಸರ್ ಭಂಗಿ ನೋಡಲು ಚೆಂದ ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಹ್ಯಾಂಡಲ್ ತಗ್ಗಿಸಿ, ಫುಟ್‌ರೆಸ್ಟನ್ನು ಮುಂದೆಯೇ ಬಿಟ್ಟರೆ ದೇಹದ ಭಾರವೆಲ್ಲ ಕೈಗೆ ಬೀಳುತ್ತದೆ. ಬದಲಿಸಿದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಸಸ್ಪೆನ್ಷನ್: ನಿಜವಾದ ಲಾಭ ಇಲ್ಲಿದೆ

ಬಹಳ ಮಂದಿ ಕೈಹಾಕದೆ ಬಿಡುವ ಕೆಲಸ ಇದೇ. ಬೈಕಿನ ಸ್ಪ್ರಿಂಗುಗಳನ್ನು ಕಾರ್ಖಾನೆಯಲ್ಲಿ ಯಾವುದೋ ಒಂದು ಸರಾಸರಿ ತೂಕದ ಸವಾರನಿಗೆ ಹೊಂದಿಸಿರುತ್ತಾರೆ. ಆ ಸರಾಸರಿ ನೀವಾಗಿರುವ ಸಂಭವ ಕಡಿಮೆ. ಅಳತೆ ಪಟ್ಟಿ ಮತ್ತು ಒಬ್ಬ ಗೆಳೆಯ ಇದ್ದರೆ ಸಾಕು, ಹೀಗೆ ಮಾಡಿ.

1. ಹಿಂದಿನ ಚಕ್ರ ನೆಲ ಬಿಟ್ಟು ಶಾಕ್ ಅಬ್ಸಾರ್ಬರ್ ಪೂರ್ತಿ ಚಾಚಿಕೊಳ್ಳುವಂತೆ ಬೈಕನ್ನು ಚೌಕಟ್ಟಿನಿಂದ ಎತ್ತಿ. ಹಿಂದಿನ ಚಕ್ರವನ್ನು ಹಿಡಿದ ತೋಳಿಗೆ (ಸ್ವಿಂಗ್‌ಆರ್ಮ್) ತಗಲುವ ಸ್ಟ್ಯಾಂಡ್ ಇದಕ್ಕೆ ಆಗದು. ಆಕ್ಸಲಿನಿಂದ ನೇರ ಮೇಲಕ್ಕೆ, ಸೀಟಿನ ಬಳಿಯ ಒಂದು ಸ್ಥಿರ ಗುರುತಿನವರೆಗೆ ಅಳೆದು ಬರೆದುಕೊಳ್ಳಿ.

2. ಬೈಕನ್ನು ಇಳಿಸಿ, ಜಾಕೆಟ್ಟು ಹೆಲ್ಮೆಟ್ಟು ತೊಟ್ಟು, ಸವಾರಿಯ ಭಂಗಿಯಲ್ಲಿ ಕೂತುಕೊಳ್ಳಿ. ಗೆಳೆಯ ಹಿಂಭಾಗವನ್ನು ಒಮ್ಮೆ ಒತ್ತಿ ಬಿಟ್ಟು, ಅದು ನಿಂತ ಮೇಲೆ ಅದೇ ಎರಡು ಗುರುತುಗಳ ನಡುವೆ ಅಳೆಯಲಿ.

3. ಎರಡು ಅಳತೆಗಳ ವ್ಯತ್ಯಾಸವೇ ಸ್ಯಾಗ್. ರಸ್ತೆಯ ಸವಾರಿಗೆ ಅದು ಚಕ್ರದ ಒಟ್ಟು ಚಲನೆಯ ಶೇ. 30ರಿಂದ 35ರಷ್ಟಿದ್ದರೆ ಸರಿ. ಚಕ್ರ 120 ಮಿ.ಮೀ. ಚಲಿಸುವ ಬೈಕಿನಲ್ಲಿ 36ರಿಂದ 42 ಮಿ.ಮೀ.

4. ಸ್ಯಾಗ್ ಹೆಚ್ಚಿದ್ದರೆ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಿಕೆ) ಬಿಗಿ ಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಮುಂದಿನ ಚಕ್ರವನ್ನು ಹಿಡಿದ ಫೋರ್ಕಿಗೂ ಇದೇ ಕ್ರಮ. ಫೋರ್ಕಿನ ಕೊಳವೆಗೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಸುತ್ತಿದರೆ ಅದೇ ಅಳತೆಯ ಗುರುತಾಗುತ್ತದೆ.

ಪ್ರೀಲೋಡ್ ಬಿಗಿಯಾದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲೂ ಇದೆ. ಅದು ತಪ್ಪು. ಪ್ರೀಲೋಡ್ ಬದಲಿಸುವುದು ಬೈಕು ನಿಲ್ಲುವ ಎತ್ತರವನ್ನು. ಸ್ಪ್ರಿಂಗಿನ ಗಡಸು ಇದ್ದಷ್ಟೇ ಇರುತ್ತದೆ. ಪ್ರೀಲೋಡ್ ಪೂರ್ತಿ ಬಿಗಿದರೂ ಸ್ಯಾಗ್ ಹೆಚ್ಚೇ ಉಳಿದರೆ ನಿಮ್ಮ ತೂಕಕ್ಕೆ ಸ್ಪ್ರಿಂಗ್ ಮೆದು, ಬೇರೆ ಸ್ಪ್ರಿಂಗ್ ಹಾಕಿಸಬೇಕು.

ಆಮೇಲೆ ಡ್ಯಾಂಪಿಂಗ್, ಅಂದರೆ ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ. ಒತ್ತಿದ ಸ್ಪ್ರಿಂಗ್ ಎಷ್ಟು ಬೇಗ ಮರಳಬೇಕೆಂದು ನಿರ್ಧರಿಸುವ ರಿಬೌಂಡ್ ತಿರುಪನ್ನು ಈಗಿರುವ ಸ್ಥಾನದಿಂದ ಪೂರ್ತಿ ಒಳಕ್ಕೆ ತಿರುಗಿಸುತ್ತ ಎಷ್ಟು ಕ್ಲಿಕ್ ಬಂತೆಂದು ಎಣಿಸಿ ಬರೆದಿಡಿ. ಅದು ನಿಮ್ಮ ವಾಪಸು ದಾರಿ. ಹಳೆಯ ಸ್ಥಾನಕ್ಕೆ ತಂದು ಒಮ್ಮೆಗೆ ಎರಡೇ ಕ್ಲಿಕ್ ಬದಲಿಸಿ, ಗೊತ್ತಿರುವ ಒಂದೇ ರಸ್ತೆಯಲ್ಲಿ ಓಡಿಸಿ ನೋಡಿ. ಫೋರ್ಕನ್ನು ಒತ್ತಿ ಬಿಟ್ಟರೆ ಅದು ಒಮ್ಮೆ ಮೇಲೆದ್ದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ರಿಬೌಂಡ್ ಕಡಿಮೆ, ಆಯಾಸಗೊಂಡಂತೆ ಮೆಲ್ಲಗೆ ಏರಿದರೆ ಹೆಚ್ಚು.

ಇಷ್ಟೆಲ್ಲ ಮಾಡಿದ ಮೇಲೂ ಉಬ್ಬುಗಳಲ್ಲಿ ಹೊಡೆಯುತ್ತಿದ್ದರೆ ಹೊಸ ಶಾಕ್ ಅಬ್ಸಾರ್ಬರಿಗೆ ಹಣ ಹಾಕಿ. ನನ್ನ ಮಟ್ಟಿಗೆ ರೆಟ್ರೊ ಬೈಕಿನಲ್ಲಿ ದೊಡ್ಡ ಮೊತ್ತ ಖರ್ಚು ಮಾಡಲು ಇದಕ್ಕಿಂತ ಯೋಗ್ಯವಾದ ಜಾಗವಿಲ್ಲ, ಯಾರ ಕಣ್ಣಿಗೂ ಅದು ಬೀಳದಿದ್ದರೂ.

ಟೈರ್ ಮತ್ತು ಬ್ರೇಕ್

ಅಗಲದ ಟೈರ್ ಹಾಕಿದರೆ ಹಿಡಿತ ಹೆಚ್ಚುತ್ತದೆ ಎಂದು ಹಾಕಿಸುವವರಿದ್ದಾರೆ. 180 ಮಿ.ಮೀ. ಟೈರಿಗೆಂದು ಮಾಡಿದ 5.5 ಇಂಚಿನ ರಿಮ್ಮಿಗೆ ಅದಕ್ಕಿಂತ ಬಹಳ ಅಗಲದ್ದನ್ನು ತುರುಕಿದರೆ ಅಂಚುಗಳು ಒಳಕ್ಕೆ ಸೆಳೆದುಕೊಂಡು ಟೈರಿನ ದುಂಡು ಬದಲಾಗುತ್ತದೆ, ಬೈಕು ವಾಲಲು ಹಟ ಮಾಡುತ್ತದೆ. ಹಿಂದುಮುಂದಿನ ಚಕ್ರಗಳ ಸುತ್ತಳತೆಯ ಅನುಪಾತ ಕೆಟ್ಟರೆ ಎಬಿಎಸ್ ಮತ್ತು ಟ್ರ್ಯಾಕ್ಷನ್ ಕಂಟ್ರೋಲ್ ಲೆಕ್ಕವೂ ತಪ್ಪುತ್ತದೆ, ಏಕೆಂದರೆ ಅವು ಎರಡು ಚಕ್ರಗಳ ವೇಗವನ್ನು ಹೋಲಿಸಿಯೇ ತೀರ್ಮಾನಿಸುತ್ತವೆ. ಅಳತೆ ಮೂಲದ್ದೇ ಇರಲಿ, ರಬ್ಬರ್ ಉತ್ತಮವಾಗಿರಲಿ. ಟೈರಿನ ಪಕ್ಕದಲ್ಲಿ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2324 ಎಂದಿದ್ದರೆ 2024ರ 23ನೇ ವಾರ. ಚೆಂದಕ್ಕೆಂದು ಕಡ್ಡಿ ಚಕ್ರ ಹಾಕುವವರು ಅದಕ್ಕೆ ಟ್ಯೂಬ್ ಬೇಕೋ ಬೇಡವೋ ಎಂದು ಮೊದಲೇ ವಿಚಾರಿಸಿ. ದಾರಿಯಲ್ಲಿ ಪಂಕ್ಚರ್ ಆದಾಗ ವ್ಯತ್ಯಾಸ ತಿಳಿಯುತ್ತದೆ.

ಬ್ರೇಕಿಗೆ ಉಕ್ಕಿನ ಹೆಣಿಗೆಯ ಹೋಸು ಹಾಕಿದರೆ ರಬ್ಬರಿನಂತೆ ಉಬ್ಬುವುದಿಲ್ಲ, ಲಿವರ್ ಹಿಡಿತ ಗಟ್ಟಿಯಾಗುತ್ತದೆ. ಜೋಡಿಸುವಾಗ ತಾಮ್ರದ ಅಥವಾ ಅಲ್ಯುಮಿನಿಯಂ ವಾಷರ್‌ಗಳು ಪ್ರತಿ ಸಲ ಹೊಸವೇ ಆಗಿರಲಿ. ಎಬಿಎಸ್ ಇರುವ ಬೈಕಿನಲ್ಲಿ ಗಾಳಿ ಒಳಗೆ ಸೇರಿದರೆ ಹೊರಹಾಕುವುದು ತಲೆನೋವು. ಆ ಕೈಚಳಕ ಇಲ್ಲದವರು ಮೆಕ್ಯಾನಿಕ್‌ಗೆ ಬಿಡಿ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4 ದರ್ಜೆಯ ಎಣ್ಣೆ ಬಳಸುವ ಬೈಕಿಗೆ ಸಿಲಿಕೋನಿನ ಡಾಟ್ 5 ದರ್ಜೆಯದನ್ನು ಎಂದಿಗೂ ಹಾಕಬೇಡಿ.

ಸ್ಪ್ರಾಕೆಟ್: ಅಗ್ಗದ ರಭಸ

ಮುಂದೆ 15, ಹಿಂದೆ 42 ಹಲ್ಲುಗಳಿದ್ದರೆ ಅನುಪಾತ 2.8. ಮುಂದಿನದನ್ನು 14 ಮಾಡಿದರೆ 3.0. ಹಿಂದಿನದನ್ನು 45 ಮಾಡಿದರೂ 3.0. ಅಂದರೆ ಎಳೆತ ಶೇ. 7ರಷ್ಟು ಹೆಚ್ಚು, ಪ್ರತಿ ಗೇರಿನಲ್ಲೂ. ಅದಕ್ಕೆ ತೆರುವ ಬೆಲೆಯೂ ಅಷ್ಟೇ: ಮೊದಲು 4,000 ಆರ್‌ಪಿಎಂನಲ್ಲಿ ಸಿಗುತ್ತಿದ್ದ ವೇಗಕ್ಕೆ ಈಗ ಸುಮಾರು 4,290 ಬೇಕು. ಮುಂದಿನ ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನು ಹೆಚ್ಚು ಬಾಗಿ ಬೇಗ ಸವೆಯುತ್ತದೆ. ಹಿಂದಿನದು ದೊಡ್ಡದಾದರೆ ಚೈನಿನ ಉದ್ದ ಸಾಲದಿರಬಹುದು. ಗೇರ್‌ಬಾಕ್ಸಿನಿಂದ ವೇಗ ಓದುವ ಬೈಕುಗಳಲ್ಲಿ ಸ್ಪೀಡೋಮೀಟರ್ ತಪ್ಪು ಹೇಳತೊಡಗುತ್ತದೆ.

ಸೈಲೆನ್ಸರ್, ಏರ್ ಫಿಲ್ಟರ್, ಇಸಿಯು

ಎಲ್ಲರೂ ಮೊದಲು ಮಾಡುವುದು ಇದನ್ನು. ನಾನು ಇಷ್ಟು ಕೆಳಗೆ ಇಟ್ಟಿರುವುದಕ್ಕೆ ಕಾರಣವಿದೆ.

ಸೈಲೆನ್ಸರಿನ ಕೊನೆಯ ತುಂಡನ್ನಷ್ಟೇ ಬದಲಿಸುವುದು ಸ್ಲಿಪ್-ಆನ್. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಆ ತುಂಡಿಗಿಂತ ಮೊದಲು, ಎಂಜಿನ್ ಕಡೆಗೆ ಇದ್ದರೆ ಅದು ಹಾಗೆಯೇ ಉಳಿಯುತ್ತದೆ. ಇದರಿಂದ ದೊರೆಯುವುದು ಬೇರೆ ದನಿ ಮತ್ತು ಕಡಿಮೆ ತೂಕ. ಶಕ್ತಿ ಹೆಚ್ಚಿತೆಂದು ಅನಿಸುವುದು ಬಹುಮಟ್ಟಿಗೆ ಕಿವಿಯ ಕಿತಾಪತಿ. ಎಂಜಿನ್ ಬುಡದಿಂದಲೇ ಇಡೀ ಕೊಳವೆ ಬದಲಿಸುವುದು ಫುಲ್ ಸಿಸ್ಟಮ್. ನಿಜವಾದ ಬದಲಾವಣೆಯೂ ನಿಜವಾದ ತೊಂದರೆಯೂ ಆರಂಭವಾಗುವುದು ಅಲ್ಲಿ.

ಕಾರಣ ಹೀಗಿದೆ. ಹದವಾದ ಒಂದೇ ವೇಗದಲ್ಲಿ ಹೋಗುವಾಗ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹೊಗೆಕೊಳವೆಯ ಆಮ್ಲಜನಕ ಸೆನ್ಸರ್ ಹೇಳಿದಂತೆ ಪೆಟ್ರೋಲನ್ನು ತಿದ್ದುತ್ತದೆ, ಗಾಳಿ ಮತ್ತು ಪೆಟ್ರೋಲಿನ ತೂಕದ ಅನುಪಾತವನ್ನು 14.7:1ರ ಆಸುಪಾಸಿನಲ್ಲಿ ಇಡುತ್ತದೆ. ಆಕ್ಸಿಲರೇಟರ್ ಪೂರ್ತಿ ತೆರೆದಾಗ ಅದು ಸೆನ್ಸರನ್ನು ಕೇಳುವುದಿಲ್ಲ. ಕಾರ್ಖಾನೆಯಲ್ಲಿ ಬರೆದಿಟ್ಟ ಕೋಷ್ಟಕ ನೋಡಿ ಪೆಟ್ರೋಲ್ ಬಿಡುತ್ತದೆ. ಆ ಕೋಷ್ಟಕ ಹಳೆಯ ಕೊಳವೆಯ ಲೆಕ್ಕದ್ದು. ಹೊಸ ಕೊಳವೆಯಲ್ಲಿ ಗಾಳಿ ಹೆಚ್ಚು ಹರಿದರೆ ಮಿಶ್ರಣದಲ್ಲಿ ಪೆಟ್ರೋಲ್ ಕೊರತೆಯಾಗುತ್ತದೆ, ಎಂಜಿನ್ ಕಾಯುತ್ತದೆ, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯುತ್ತದೆ. ಆಗ ಸಿಡಿತ ನಿಲ್ಲಿಸಲು ಸ್ಪಾರ್ಕ್ ಪ್ಲಗ್ ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಬೇಕಾದದ್ದು ಇಸಿಯು ಕೋಷ್ಟಕವನ್ನೇ ಹೊಸದಾಗಿ ಬರೆಸುವುದು, ಅದೂ ಎಂಜಿನ್ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ ಅಳೆಯುವವರ ಹತ್ತಿರ. ಇಂಟರ್‌ನೆಟ್ಟಿನಲ್ಲಿ ಸಿಗುವ ಸಿದ್ಧ ಕೋಷ್ಟಕ ಬೇರೆ ಯಾರದೋ ಬೈಕಿನದು.

ಏರ್ ಫಿಲ್ಟರ್ ಇರುವ ಡಬ್ಬಿಯನ್ನು (ಏರ್ ಬಾಕ್ಸ್) ಕಿತ್ತು ಶಂಕುವಿನಾಕಾರದ ಬಿಡಿ ಫಿಲ್ಟರ್‌ಗಳನ್ನು ಕೂರಿಸುವ ಚಪಲವನ್ನು ಬಿಟ್ಟುಬಿಡಿ. ಆ ಡಬ್ಬಿಯ ಗಾತ್ರವನ್ನೂ ಕೊಳವೆಗಳ ಉದ್ದವನ್ನೂ ಗಾಳಿಯ ಕಂಪನಕ್ಕೆ ಹೊಂದಿಸಿ ಲೆಕ್ಕ ಹಾಕಿರುತ್ತಾರೆ. ಅದನ್ನು ತೆಗೆದರೆ ದಿನವೂ ಬಳಸುವ ಮಧ್ಯದ ಆರ್‌ಪಿಎಂಗಳಲ್ಲೇ ಎಳೆತ ಕುಸಿಯುತ್ತದೆ. ಚೌಕಟ್ಟಿನ ನಡುವೆ ಖಾಲಿ ಜಾಗ ಕಾಣುವುದೇ ಅಂದ ಎನ್ನುವವರಿಗೆ ನನ್ನ ವಾದವಿಲ್ಲ. ಅಂದಕ್ಕಾಗಿ ಶಕ್ತಿ ಬಿಟ್ಟುಕೊಡುತ್ತಿದ್ದೇವೆ ಎಂಬ ಅರಿವಿದ್ದರೆ ಸಾಕು.

ಇನ್ನೆರಡು ಎಚ್ಚರಿಕೆ. ಕೆಲವು ಬೈಕುಗಳ ಹೊಗೆಕೊಳವೆಯಲ್ಲಿ ಮೋಟರಿನಿಂದ ತೆರೆದು ಮುಚ್ಚುವ ಕವಾಟವಿರುತ್ತದೆ. ಅದನ್ನು ಕಳಚಿದರೆ ಮೀಟರಿನಲ್ಲಿ ಎಚ್ಚರಿಕೆಯ ದೀಪ ಉರಿಯುತ್ತದೆ. ಕೊಳವೆಗೆ ಶಾಖ ತಡೆಯುವ ಪಟ್ಟಿ ಸುತ್ತುವ ಹಳೆಯ ಶೋಕಿ ಈಗಲೂ ಇದೆ. ನೆನೆದ ಪಟ್ಟಿ ತೇವ ಹಿಡಿದಿಟ್ಟುಕೊಂಡು ಒಳಗಿಂದೊಳಗೆ ಲೋಹವನ್ನು ತಿನ್ನುತ್ತದೆ.

ದೀಪ, ವೈರು, ಬ್ಯಾಟರಿ

ಎಲ್‌ಇಡಿ ಇಂಡಿಕೇಟರ್ ಹಾಕಿದ ಕೂಡಲೇ ಅದು ಅವಸರದಲ್ಲಿ ಮಿಟುಕಿದರೆ ಗಾಬರಿ ಬೇಡ. ಅದು ಎಳೆಯುವ ವಿದ್ಯುತ್ ಬಲ್ಬಿಗಿಂತ ತೀರ ಕಡಿಮೆಯಾದ್ದರಿಂದ ಬಲ್ಬ್ ಸುಟ್ಟಿದೆ ಎಂದು ದೀಪ ಮಿಟುಕಿಸುವ ರಿಲೇ ಭಾವಿಸುತ್ತದೆ. ಎಲ್‌ಇಡಿಗೆ ಹೊಂದುವ ರಿಲೇ ಹಾಕುವುದು ಸರಿಯಾದ ದಾರಿ. ರೆಸಿಸ್ಟರ್ ಜೋಡಿಸುವುದಾದರೆ ಅದು ಸುಡುವಷ್ಟು ಕಾಯುತ್ತದೆ, ಪ್ಲಾಸ್ಟಿಕ್ ಬಳಿ ಇಡಬೇಡಿ. ಪ್ರತ್ಯೇಕ ರಿಲೇಯೇ ಇಲ್ಲದ, ಭಾಗಗಳೆಲ್ಲ ಒಂದೇ ಜೋಡಿ ವೈರಿನಲ್ಲಿ ಸಂದೇಶ ಕಳಿಸುವ ಕ್ಯಾನ್ ಬಸ್ ವೈರಿಂಗ್‌ನ ಬೈಕುಗಳಲ್ಲಿ ಆಯಾ ಮಾದರಿಗೆಂದೇ ಮಾಡಿದ ಭಾಗಗಳನ್ನು ಬಳಸಿ.

ಹೆಚ್ಚುವರಿ ದೀಪಗಳಿಗೆ ವಿದ್ಯುತ್ತನ್ನು ಬ್ಯಾಟರಿಯಿಂದ, ಫ್ಯೂಸ್ ಮತ್ತು ರಿಲೇ ಮೂಲಕ ತನ್ನಿ. ಇರುವ ವೈರನ್ನು ಸುಲಿದು ಗಂಟು ಕಟ್ಟಬೇಡಿ. ಬೆಸುಗೆ ಹಾಕಿದ ವೈರು ಕಂಪನಕ್ಕೆ ಬೆಸುಗೆಯ ಅಂಚಿನಲ್ಲಿ ಮುರಿಯುತ್ತದೆ. ಒತ್ತಿ ಹಿಡಿಸುವ ಕನೆಕ್ಟರ್ ಮೇಲು. ಬ್ಯಾಟರಿ ಕಳಚುವಾಗ ಮೊದಲು ಮೈನಸ್, ಜೋಡಿಸುವಾಗ ಕೊನೆಗೆ ಮೈನಸ್. ಲೀಥಿಯಂ ಬ್ಯಾಟರಿ ತೂಕ ಇಳಿಸುತ್ತದೆ, ನಿಜ. ಅದಕ್ಕೆ ಅದರದೇ ಚಾರ್ಜರ್ ಬೇಕು, ಚಳಿಯ ಬೆಳಗಿನಲ್ಲಿ ಎಂಜಿನ್ ತಿರುಗಿಸಲು ಮೊಂಡು ಹಿಡಿಯುತ್ತದೆ.

ಗರಗಸ ಎತ್ತುವ ಮೊದಲು

ಹಿಂದಿನ ಚೌಕಟ್ಟನ್ನು ಕತ್ತರಿಸಿ ಬಾಲ ಮೊಟಕು ಮಾಡುವುದು ವಾಪಸು ಬರಲಾಗದ ಕೆಲಸ. ಸವಾರರ ಭಾರವನ್ನೂ, ಕೆಲವು ಬೈಕುಗಳಲ್ಲಿ ಮೇಲಿನ ಶಾಕ್ ಬೋಲ್ಟಿನ ಹೊಡೆತವನ್ನೂ ಹೊರುವುದು ಆ ಕೊಳವೆಗಳು. ಬೋಲ್ಟಿನಲ್ಲಿ ಕಳಚುವ ಚೌಕಟ್ಟಾದರೆ ಮೂಲದ್ದನ್ನು ಎತ್ತಿಟ್ಟು, ಚಿಕ್ಕದಾದ ಬದಲಿ ಚೌಕಟ್ಟನ್ನು ಹಾಕಿ. ಕಳಚದ್ದಾದರೆ ಸೀಟಿನ ಆಕಾರ ಮತ್ತು ಮಡ್‌ಗಾರ್ಡ್ ಬದಲಾವಣೆಗೇ ನಿಲ್ಲಿಸಿ. ಮಡ್‌ಗಾರ್ಡ್ ಚಿಕ್ಕದಾದಷ್ಟೂ ಮಳೆಯಲ್ಲಿ ಬೆನ್ನ ಮೇಲಿನ ಕೆಸರಿನ ಗೆರೆ ಉದ್ದವಾಗುತ್ತದೆ.

ಸದ್ದಿನ ಮಿತಿ, ಕ್ಯಾಟಲಿಟಿಕ್ ಕನ್ವರ್ಟರ್, ನಂಬರ್ ಪ್ಲೇಟಿನ ಕೋನ, ಇಂಡಿಕೇಟರುಗಳ ಅಂತರ ಇವೆಲ್ಲಕ್ಕೂ ನೀವಿರುವಲ್ಲಿ ಕಾನೂನು ಏನು ಹೇಳುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಮಾಡಿದ ಬದಲಾವಣೆಗಳನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ಮುಚ್ಚಿಟ್ಟ ಒಂದು ಸೈಲೆನ್ಸರ್ ಅಪಘಾತದ ಪರಿಹಾರ ನಿರಾಕರಿಸಲು ನೆಪವಾಗಬಹುದು.

ಒಮ್ಮೆಗೆ ಒಂದೇ ಭಾಗ ಬದಲಿಸಿ. ದಿನಾಂಕ, ಓಡಿದ ದೂರ, ಹಾಕಿದ ಟಾರ್ಕ್, ಎಣಿಸಿದ ಕ್ಲಿಕ್‌ಗಳನ್ನು ಅದೇ ಪುಸ್ತಕದಲ್ಲಿ ಬರೆಯಿರಿ. ಐವತ್ತು ಕಿಲೋಮೀಟರ್ ಓಡಿಸಿ ಬಂದು, ಎಂಜಿನ್ ತಣಿದ ಮೇಲೆ, ಕೈಹಾಕಿದ ಪ್ರತಿಯೊಂದು ಬೋಲ್ಟಿನ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ. ಬಿಗಿದ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆದಿಟ್ಟರೆ, ಮುಂದೆ ಅದು ಸಡಿಲಗೊಂಡದ್ದು ರೆಂಚ್ ಎತ್ತದೆಯೇ ಗೊತ್ತಾಗುತ್ತದೆ.